ಲಾಮಲೆರಾದ ತಿಮಿಂಗಿಲವೂ ಪಾಟಣದ ಪಟೋಲವೂ

ಇಂಡೋನೇಷ್ಯಾದ ಭೂಪಟದಲ್ಲಿ ಜಾವಾ, ಬಾಲಿಗಳನ್ನು ದಾಟಿ ಪೂರ್ವಕ್ಕೆ ಸಾಗಿದರೆ ಫ್ಲೋರೆಸ್ ಎಂಬ ಉದ್ದನೆಯ ದ್ವೀಪ ಸಿಗುತ್ತದೆ. ಅದರ ಪೂರ್ವದ ತುದಿಯಾಚೆ ಸೋಲೋರ್, ಅಡೊನಾರಾ, ಲೆಂಬಾಟಾ ಎಂಬ ಮೂರು ಕಿರುದ್ವೀಪಗಳಿವೆ. ಲೆಂಬಾಟಾದ ದಕ್ಷಿಣ ಕರಾವಳಿಯಲ್ಲಿ, ಲಬಲೆಕಾನ್ ಎಂಬ ಜ್ವಾಲಾಮುಖಿ ಪರ್ವತದ ಪಾದದಲ್ಲಿ, ಎರಡು ಸಾವಿರದ ಆಸುಪಾಸಿನ ಜನವಸತಿಯುಳ್ಳ ಊರು ಲಾಮಲೆರಾ. ಊರು ಎರಡು ಭಾಗವಾಗಿದೆ: ಬಂಡೆಯ ಮೇಲಿನದೊಂದು, ದಂಡೆಯ ಬಳಿಯದೊಂದು. ನೆಲವೆಲ್ಲ ಕಲ್ಲು, ಕೃಷಿಗೆ ಒದಗುವ ಮಣ್ಣು ತೀರ ಕಡಿಮೆ. ಎದುರಿಗೆ ತೀರದಿಂದ ಸ್ವಲ್ಪವೇ ದೂರದಲ್ಲಿ ಆಳಕ್ಕಿಳಿಯುವ ಸಾವು ಸಮುದ್ರ. (ಈ ಹೆಸರಿಗೂ ಕನ್ನಡದ ಸಾವಿಗೂ ಯಾವ ಸಂಬಂಧವೂ ಇಲ್ಲ. ಸಾವು ಎಂಬುದು ಆ ಕಡಲಿನ ಒಂದು ದ್ವೀಪದ ಹೆಸರು.) ಈ ಊರಿನವರು ಶತಮಾನಗಳಿಂದ ಕೈಯಿಂದ ಎಸೆಯುವ ಈಟಿಯೊಂದನ್ನೇ ನಂಬಿ ತಿಮಿಂಗಿಲಗಳನ್ನು ಕೊಂದು ಬದುಕಿದ್ದಾರೆ.

ಅಹಿಂಸೆಯನ್ನು ಪರಮಧರ್ಮವೆಂದು ಓದಿ ಬೆಳೆದವರಿಗೆ ಇಂತಹ ಊರಿನ ವೃತ್ತಾಂತ ಓದಲು ಕಷ್ಟ. ಕನ್ನಡದ ಪ್ರಾಚೀನ ಕವಿಗಳಿಗೆ ತಿಮಿ, ತಿಮಿಂಗಿಲಗಳು ಸಮುದ್ರವರ್ಣನೆಯ ಅಲಂಕಾರಗಳಾಗಿದ್ದವು. ಅಷ್ಟಾದಶ ವರ್ಣನೆಗಳಲ್ಲಿ ಕಡಲು ಬಂದಾಗ ಅವು ಬರಲೇಬೇಕಿತ್ತು. ಆ ಪ್ರಾಣಿಗೆ ಬಿಸಿರಕ್ತವಿದೆ, ಅದು ಮರಿಗೆ ಹಾಲೂಡಿಸುತ್ತದೆ, ತಾಯಂದಿರು ಅಜ್ಜಿಯರ ಸುತ್ತ ಕಟ್ಟಿಕೊಂಡ ಕುಟುಂಬದಲ್ಲಿ ಬಾಳುತ್ತದೆ ಎಂಬುದು ವರ್ಣನೆಯ ವ್ಯಾಪ್ತಿಗೆ ಬಂದಿರಲಿಲ್ಲ. ಜೈನ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಪಂಚೇಂದ್ರಿಯ ಜೀವ, ಮನಸ್ಸುಳ್ಳ ಸಂಜ್ಞಿ ಜೀವ. ಲಾಮಲೆರಾದವರು ಹೆಚ್ಚಾಗಿ ಬೇಟೆಯಾಡುವುದು ಹಲ್ಲುಳ್ಳ, ದೊಡ್ಡ ತಲೆಯ ಜಾತಿಯ ತಿಮಿಂಗಿಲವನ್ನು. ಅವರು ಅದನ್ನು ಕೊತೆಕ್ಲೆಮಾ ಎನ್ನುತ್ತಾರೆ. ಒಂದು ಗಂಟೆಗೂ ಮಿಕ್ಕಿ ಉಸಿರು ಹಿಡಿದು ಪಾತಾಳಕ್ಕಿಳಿಯಬಲ್ಲ ಈ ಜೀವದ ಹೆಣ್ಣು ಹಲವು ವರ್ಷಗಳಿಗೊಮ್ಮೆ ಒಂದೇ ಮರಿಯನ್ನು ಹೆರುತ್ತದೆ. ಇಂತಹ ಒಂದು ಜೀವ ದಂಡೆಗೆ ಬಂದು ಬಿದ್ದಾಗ ಊರು ಹಬ್ಬ ಮಾಡುತ್ತದೆ. ಹಬ್ಬ ಮಾಡುವವರನ್ನು ಕ್ರೂರರೆಂದು ಕರೆದು ಪುಟ ಮುಚ್ಚಿಬಿಡುವುದು ಸುಲಭ.

ಊರಿನವರ ವಂಶಕಥನದ ಪ್ರಕಾರ ಅವರ ಹಿರಿಯರು ಈ ದ್ವೀಪದವರಲ್ಲ. ಸುಲಾವೆಸಿಯ ಕಡೆಯಿಂದ ಹೊರಟು, ದ್ವೀಪದಿಂದ ದ್ವೀಪಕ್ಕೆ ಅಲೆದು, ನಡುವೆ ನೆಲೆಸಿದ್ದ ಒಂದು ದ್ವೀಪ ಕಡಲಿನ ಪ್ರಕೋಪಕ್ಕೆ ತುತ್ತಾದ ಮೇಲೆ ಇಲ್ಲಿಗೆ ಬಂದವರು. ಬೇಸಾಯದ ನೆಲ ಅದಾಗಲೇ ಬೆಟ್ಟದವರದಾಗಿತ್ತು. ಬಂದವರಿಗೆ ದೊರೆತದ್ದು ಕಲ್ಲಿನ ದಂಡೆ ಮತ್ತು ಕಡಲು. ಮೊದಲಿನಿಂದ ಇದ್ದ ಕುಲಗಳಿಗೆ ಇಂದಿಗೂ ನೆಲದ ಒಡೆಯರೆಂಬ ಗೌರವವಿದೆ. ಬೇಟೆಯ ಋತುವಿನ ಆರಂಭದಲ್ಲಿ ಬೆಟ್ಟದ ಮೇಲಿನಿಂದ ತಿಮಿಂಗಿಲಗಳನ್ನು ಕರೆಯುವ ವಿಧಿ ನಡೆಸುವವರೂ ಅವರೇ. ಈ ಬೇಟೆ ಎಷ್ಟು ಹಳೆಯದೆಂದು ಹೇಳುವುದು ಕಠಿಣ. ಆದರೆ 1624ರ ಒಂದು ಪೋರ್ಚುಗೀಸ್ ದಾಖಲೆ ಈ ದ್ವೀಪಗಳ ಜನ ಈಟಿಯಿಂದ ತಿಮಿಂಗಿಲಗಳನ್ನು ಹಿಡಿದು ಎಣ್ಣೆ ತೆಗೆಯುವುದನ್ನು ಉಲ್ಲೇಖಿಸುತ್ತದೆ. ಅಂದರೆ ಅಮೆರಿಕದ ಬೇಟೆಹಡಗುಗಳು ಈ ಕಡಲಿಗೆ ಬರುವುದಕ್ಕೆ ಬಹಳ ಮುಂಚೆಯೇ ಇವರು ಈ ವೃತ್ತಿಯಲ್ಲಿದ್ದರು.

ಅವರ ದೋಣಿಯ ಹೆಸರು ತೆನಾ. ಹತ್ತು ಹನ್ನೊಂದು ಮೀಟರ್ ಉದ್ದದ ಈ ದೋಣಿಗೆ ಕಬ್ಬಿಣದ ಮೊಳೆ ಬಳಸುವುದಿಲ್ಲ. ಹಲಗೆಗಳನ್ನು ಮರದ ಗೂಟಗಳಿಂದ ಜೋಡಿಸಿ, ಒಳಗಿನ ಪಕ್ಕೆಗಳಿಗೆ ಬೆತ್ತದಿಂದ ಬಿಗಿಯುತ್ತಾರೆ. ಹಾಯಿ ತಾಳೆ ಜಾತಿಯ ಮರದ ಗರಿಯಿಂದ ನೇಯ್ದ ಚಾಪೆ. ಪ್ರತಿ ದೋಣಿಗೂ ಹೆಸರಿದೆ, ಕುಲವಿದೆ, ದಂಡೆಯ ಮೇಲೆ ತನ್ನದೇ ಚಪ್ಪರವಿದೆ. ದೋಣಿ ಕಡಲಿನಲ್ಲಿ ನಾಶವಾದರೆ ಮನುಷ್ಯ ಸತ್ತಂತೆ ಸೂತಕ ಆಚರಿಸುತ್ತಾರೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಕಾಲ ಲೆಫಾ, ಅಂದರೆ ಕಡಲಿನ ಋತು. ಉಳಿದ ತಿಂಗಳುಗಳಲ್ಲಿಯೂ ದೂರದಲ್ಲಿ ತಿಮಿಂಗಿಲದ ಉಸಿರು ಚಿಮ್ಮುವುದನ್ನು ಕಂಡವನು ‘ಬಲೆಯೋ!’ ಎಂದು ಕೂಗುತ್ತಾನೆ. ಆ ಕೂಗು ಬಾಯಿಂದ ಬಾಯಿಗೆ ಹಬ್ಬಿ, ಕೆಲಸದಲ್ಲಿದ್ದವರೆಲ್ಲ ದಂಡೆಗೆ ಓಡುತ್ತಾರೆ.

ದೋಣಿಯ ಮೂತಿಯಿಂದ ಮುಂದಕ್ಕೆ ಚಾಚಿದ ಬಿದಿರಿನ ಅಟ್ಟಣೆಯ ಮೇಲೆ ಈಟಿಗಾರ ನಿಲ್ಲುತ್ತಾನೆ. ಅವನು ಲಾಮಾಫಾ. ಈಟಿಯನ್ನು ಕೇವಲ ಎಸೆದರೆ ಅದು ದಪ್ಪನೆಯ ಚರ್ಮವನ್ನು ಭೇದಿಸದು. ಆದ್ದರಿಂದ ಅವನು ಈಟಿಯೊಡನೆ ತಾನೂ ಹಾರಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿ, ತಿಮಿಂಗಿಲದ ಬೆನ್ನ ಮೇಲೆಯೇ ಬೀಳುತ್ತಾನೆ. ಮತ್ತೆ ಈಜಿ ದೋಣಿಗೆ ಬರಬೇಕು. ಗಾಯಗೊಂಡ ತಿಮಿಂಗಿಲ ಹಗ್ಗ ಸಹಿತ ದೋಣಿಯನ್ನು ಎಳೆದೊಯ್ಯುತ್ತದೆ, ಬಾಲದಿಂದ ಬಡಿಯುತ್ತದೆ, ಕೆಲವೊಮ್ಮೆ ಮುಳುಗಿಸುತ್ತದೆ. 1994ರಲ್ಲಿ ಒಂದು ತಿಮಿಂಗಿಲ ದೋಣಿಗಳನ್ನು ತಿಮೋರ್ ಕಡೆಗೆ ಬಹುದೂರ ಎಳೆದುಕೊಂಡು ಹೋಯಿತು. ದಿನಗಟ್ಟಲೆ ನೀರಿಲ್ಲದೆ ತೇಲಿದವರನ್ನು ಕೊನೆಗೆ ಒಂದು ಪ್ರವಾಸಿ ಹಡಗು ಕಂಡು ಕಾಪಾಡಿತು. ದೋಣಿಗಳು ಹಿಂದಿರುಗಲಿಲ್ಲ. ಇತ್ತ ತಿಮಿಂಗಿಲದ ಸಾವೂ ಸುಲಭದ್ದಲ್ಲ. ಒಂದರ ಮೇಲೊಂದು ಈಟಿ ನಾಟಿ, ಕೊನೆಗೆ ನೀರಿಗಿಳಿದವರ ಕತ್ತಿಗಳಿಂದ, ಗಂಟೆಗಳ ಕಾಲ ನಡೆಯುವ ಕೊಲೆ ಅದು. ಇದನ್ನು ಸಾಹಸದ ಮಾತುಗಳಿಂದ ಮರೆಸುವುದು ಪ್ರಾಮಾಣಿಕವಲ್ಲ. ಸಾಕ್ಷ್ಯಚಿತ್ರಗಳು ಬಹುಪಾಲು ಅದನ್ನೇ ಮಾಡುತ್ತವೆ.

ಜೈನ ಶ್ರಾವಕಾಚಾರ ಗ್ರಂಥಗಳ ಪರಂಪರೆ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಲಾಮಲೆರಾದ ಬೇಟೆ ನಿಸ್ಸಂದೇಹವಾಗಿ ಸಂಕಲ್ಪೀ ಹಿಂಸೆ. ಇದು ಜೀವನೋಪಾಯವಾದ್ದರಿಂದ ಉದ್ಯೋಗೀ ಹಿಂಸೆಯಲ್ಲವೇ ಎಂದು ವಾದಿಸಬಹುದು. ಆದರೆ ಬೇಸಾಯದಲ್ಲಿ ನೇಗಿಲಿಗೆ ಸಿಕ್ಕು ಸಾಯುವ ಹುಳುವಿಗೂ ಕೊಲ್ಲುವುದಕ್ಕೆಂದೇ ಬೆನ್ನಟ್ಟಿದ ಪ್ರಾಣಿಗೂ ವ್ಯತ್ಯಾಸವಿದೆ, ಹಸಿವಿನಿಂದ ಆ ವರ್ಗೀಕರಣ ಬದಲಾಗದು. ಬದಲಾಗುವುದು ಕರ್ತೃವಿನ ಭಾವದ ಅಳತೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು ಹೆಸರಿಸುತ್ತದೆ. ಕ್ರಿಯೆ ಒಂದೇ ಆದರೂ ಭಾವದ ತೀವ್ರತೆ, ಮಂದತೆಗಳಿಂದ ಫಲ ಬೇರೆಯಾಗುತ್ತದೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿಸ್ತರಿಸುತ್ತಾರೆ. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಮೈಯಲ್ಲಿ ಕುಳಿತು, ಒಂದು ಮೀನನ್ನೂ ಕೊಲ್ಲದೆ, ಎಲ್ಲವನ್ನೂ ಕೊಲ್ಲಬಾರದಿತ್ತೇ ಎಂದು ಹಂಬಲಿಸಿಯೇ ನರಕಕ್ಕಿಳಿದ ತಂದುಲಮತ್ಸ್ಯದ ದೃಷ್ಟಾಂತ ಬಲ್ಲವರಿಗೆ ಇದು ಹೊಸ ಮಾತಲ್ಲ.

ಲಾಮಲೆರಾದಲ್ಲಿ ಮನೆಯಲ್ಲಿ ಜಗಳವಾಗಿದ್ದರೆ ಲಾಮಾಫಾನ ಈಟಿ ಗುರಿ ತಪ್ಪುತ್ತದೆಂಬ ದೃಢ ನಂಬಿಕೆಯಿದೆ. ಋತು ತೆರೆಯುವ ಮುನ್ನ ಕುಲಗಳು ಮನಸ್ತಾಪಗಳನ್ನು ತೀರಿಸಿಕೊಳ್ಳುತ್ತವೆ. ಈಗ ಊರೆಲ್ಲ ಕ್ಯಾಥೊಲಿಕ್. 1920ರ ದಶಕದಿಂದ ಇಲ್ಲಿ ನೆಲೆಸಿದ ಮಿಷನರಿಗಳ ಪ್ರಭಾವದಿಂದ ಮೇ 1ರಂದು ದಂಡೆಯ ಮೇಲೆಯೇ ಪೂಜೆ ನಡೆದು, ಪಾದ್ರಿ ದೋಣಿಗಳಿಗೆ ತೀರ್ಥ ಚಿಮುಕಿಸುತ್ತಾರೆ. ಅದಕ್ಕೆ ಮುನ್ನ ಕಡಲಿನಲ್ಲಿ ಸತ್ತವರ ಹೆಸರಿನಲ್ಲಿ ದೀಪ ಹಚ್ಚಿ ಪ್ರಾರ್ಥಿಸುತ್ತಾರೆ. ಇದೆಲ್ಲ ಅಹಿಂಸೆಯಲ್ಲ, ಬೇಟೆ ಫಲಿಸಲೆಂದು ಮಾಡುವ ಚಿತ್ತಶುದ್ಧಿ. ಆದರೂ ಕ್ರೋಧದಿಂದ ಕೊಲ್ಲಬಾರದೆಂಬ ಕಟ್ಟಳೆಯೊಂದು ಅಲ್ಲಿದೆಯೆಂಬುದನ್ನು ಗಮನಿಸಬೇಕು.

ಇನ್ನೊಂದು ಕಟ್ಟಳೆ ಹೆಚ್ಚು ಮಹತ್ವದ್ದು. ನೀಲಿ ತಿಮಿಂಗಿಲ ಮೊದಲಾದ, ಹಲ್ಲಿಲ್ಲದ ದೊಡ್ಡ ಜಾತಿಗಳನ್ನು ಅವರು ಕೆಲಾರು ಎನ್ನುತ್ತಾರೆ. ಕೆಲಾರುವನ್ನು ಲಾಮಲೆರಾದವರು ಕೊಲ್ಲುವುದಿಲ್ಲ. ಪೂರ್ವಜನೊಬ್ಬನನ್ನು ಕಡಲಿನಿಂದ ಹೊತ್ತು ತಂದು ಉಳಿಸಿದ್ದು ಆ ಜಾತಿಯೆಂಬ ಕಥೆ ಇದಕ್ಕೆ ಕಾರಣ. ಒಂದು ಕೆಲಾರುವಿನಲ್ಲಿ ಇಡೀ ಊರಿಗೆ ಬಹುಕಾಲ ಸಾಲುವಷ್ಟು ಮಾಂಸವಿದೆ. ಬರಗಾಲದ ವರ್ಷದಲ್ಲಿ ಕೂಡ ಅದು ದೋಣಿಯ ಪಕ್ಕದಲ್ಲಿ ಹಾದುಹೋದರೆ ಈಟಿ ಮೇಲೇಳುವುದಿಲ್ಲ.

ಇಲ್ಲಿ ಹರಿಷೇಣನ ಬೃಹತ್ಕಥಾಕೋಶದಲ್ಲಿ ಬರುವ ಮೃಗಸೇನನೆಂಬ ಮೀನುಗಾರನ ಕಥೆ ನೆನಪಾಗುವುದು ಸಹಜ. ಮುನಿಯೊಬ್ಬರು ಆ ಬೆಸ್ತನಿಗೆ ವೃತ್ತಿಯನ್ನು ಬಿಡು ಎನ್ನಲಿಲ್ಲ. ಬಲೆಗೆ ಮೊದಲು ಬೀಳುವ ಮೀನನ್ನು ಕೊಲ್ಲಬೇಡ ಎಂದಷ್ಟೇ ವ್ರತ ಕೊಟ್ಟರು. ಅವನು ಮೊದಲ ಮೀನಿಗೆ ಗುರುತು ಕಟ್ಟಿ ಬಿಟ್ಟನು. ಮತ್ತೆ ಮತ್ತೆ ಬಲೆ ಬೀಸಿದಾಗಲೂ ಅದೇ ಮೀನು ಬಂದಿತು. ಐದು ಸಲವೂ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದನು. ಹೆಂಡತಿ ಕೋಪದಿಂದ ಬಾಗಿಲು ಹಾಕಿಕೊಂಡಳು. ಹೊರಗೆ ಮಲಗಿದವನು ಹಾವು ಕಡಿದು ಸತ್ತನು. ಮುಂದಿನ ಭವದಲ್ಲಿ ಐದು ಸಲ ಮೃತ್ಯುವಿನಿಂದ ಪಾರಾದನು. ಕಥೆಯ ಉಪದೇಶ ಒಂದು ಮೀನಿಗೆ ಕೊಟ್ಟ ಅಭಯದ ಫಲವನ್ನು ಕುರಿತದ್ದು. ಆದರೆ ಓದುವವರು ಮುಚ್ಚಿದ ಬಾಗಿಲಿನ ಒಳಗಿದ್ದ ಹೆಂಗಸನ್ನೂ ಒಮ್ಮೆ ನೋಡಬೇಕು. ಅಂದು ರಾತ್ರಿ ಅವಳ ಒಲೆಯ ಮೇಲೆ ಏನಿತ್ತು ಎಂದು ಕಥಾಕಾರ ಹೇಳುವುದಿಲ್ಲ. ಲಾಮಲೆರಾದ ಭವಿಷ್ಯದ ಪ್ರಶ್ನೆ ಬಹುಮಟ್ಟಿಗೆ ಆ ಒಲೆಯ ಪ್ರಶ್ನೆ.

ಅಲ್ಲಿ ಒಲೆ ಉರಿಸುವವರು ಹೆಂಗಸರು. ದಂಡೆಗೆ ಬಂದ ತಿಮಿಂಗಿಲವನ್ನು ಕಟ್ಟುನಿಟ್ಟಾದ ಸಂಪ್ರದಾಯದಂತೆ ಹಂಚುತ್ತಾರೆ. ದೋಣಿಯ ಕುಲದವರಿಗೆ, ಈಟಿಗಾರನಿಗೆ, ಹುಟ್ಟು ಹಾಕಿದವರಿಗೆ, ದೋಣಿ ಕಟ್ಟಿದ ಬಡಗಿಗೆ, ಈಟಿ ಬಡಿದ ಕಮ್ಮಾರನಿಗೆ ಇಂತಿಂತಹ ಭಾಗವೆಂದು ನಿಗದಿಯಿದೆ. ವಿಧವೆಯರಿಗೂ ದುಡಿಯಲಾರದವರಿಗೂ ಪಾಲು ತಲಪುತ್ತದೆ. ಅಲ್ಲಿಂದಾಚೆಗೆ ಅದು ಹೆಂಗಸರ ಕೈಗೆ ಬರುತ್ತದೆ. ಸೀಳಿ ಬಿಸಿಲಿಗೆ ಒಣಗಿಸಿದ ಮಾಂಸವನ್ನು ತಲೆಯ ಮೇಲೆ ಹೊತ್ತು ಬೆಟ್ಟದ ಊರುಗಳಿಗೆ ನಡೆದು, ಮೆಕ್ಕೆಜೋಳ, ಬಾಳೆ, ಮರಗೆಣಸುಗಳಿಗೆ ವಿನಿಮಯ ಮಾಡಿ ತರುತ್ತಾರೆ. ಸಮೀಪದ ವುಲಾಂದೋನಿಯಲ್ಲಿ ಶನಿವಾರದ ಸಂತೆ ಇಂದಿಗೂ ಬಹುಪಾಲು ವಿನಿಮಯದ ಸಂತೆ. ಕಡಲಿನವರಿಗೆ ಬೇಕಾದ ಪಿಷ್ಟ ಬೆಟ್ಟದವರಲ್ಲಿದೆ, ಬೆಟ್ಟದವರಿಗೆ ಬೇಕಾದ ಕೊಬ್ಬು, ಉಪ್ಪು ಕಡಲಿನವರಲ್ಲಿದೆ. ಆದ್ದರಿಂದ ‘ತಿಮಿಂಗಿಲ ಬೇಟೆಯನ್ನು ನಿಲ್ಲಿಸಬೇಕು’ ಎಂಬ ಒಂದು ವಾಕ್ಯ ಒಂದು ಊರನ್ನಲ್ಲ, ಬೆಟ್ಟದ ಹಲವು ಊರುಗಳ ಅಡುಗೆಮನೆಯನ್ನು ಮುಟ್ಟುತ್ತದೆ.

ಆ ವಾಕ್ಯವನ್ನು ಹೇಳುವವರ ಇತಿಹಾಸವೂ ಸ್ವಚ್ಛವಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಯಂತ್ರಹಡಗುಗಳ ಉದ್ಯಮ ಜಗತ್ತಿನ ಕಡಲುಗಳಲ್ಲಿ ಕೊಂದ ತಿಮಿಂಗಿಲಗಳ ಸಂಖ್ಯೆ ಸುಮಾರು 29 ಲಕ್ಷ. ಲಾಮಲೆರಾದವರು ವರ್ಷಕ್ಕೆ ಕೊಂದ ಕೊತೆಕ್ಲೆಮಾಗಳು ಸರಾಸರಿ ಇಪ್ಪತ್ತರ ಆಸುಪಾಸು. 1969ರಂತಹ ಅಪರೂಪದ ವರ್ಷದಲ್ಲಿ ಐವತ್ತು ದಾಟಿದ್ದುಂಟು, ಬೆರಳೆಣಿಕೆಗೆ ಇಳಿದ ವರ್ಷಗಳೂ ಇವೆ. ಇದಕ್ಕಿಂತ ವಿಚಿತ್ರವಾದದ್ದು 1970ರ ದಶಕದ ಒಂದು ಪ್ರಕರಣ: ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಊರಿನ ಬೇಟೆಯನ್ನು ‘ಸುಧಾರಿಸಲು’ ಯಂತ್ರದೋಣಿಯನ್ನೂ ಈಟಿಬಂದೂಕನ್ನೂ ಕೊಟ್ಟು ಪರಿಣತನನ್ನು ಕಳುಹಿಸಿತು. ಯೋಜನೆ ಬಹುಕಾಲ ಬಾಳಲಿಲ್ಲ, ಊರು ಕೈಯೀಟಿಗೇ ಮರಳಿತು. ಒಂದೆರಡು ದಶಕಗಳಲ್ಲೇ ಹೊರಗಿನ ಜಗತ್ತು ಅದೇ ಊರಿಗೆ ವಿರುದ್ಧವಾದ ಉಪದೇಶ ಮಾಡತೊಡಗಿತು. 1986ರಲ್ಲಿ ವಾಣಿಜ್ಯ ಬೇಟೆಯ ಮೇಲಿನ ಅಂತರರಾಷ್ಟ್ರೀಯ ನಿಲುಗಡೆ ಜಾರಿಗೆ ಬಂದಿತು. ಆ ಆಯೋಗಕ್ಕೆ ಇಂಡೋನೇಷ್ಯಾ ಸದಸ್ಯನಲ್ಲ, ಹೊಟ್ಟೆಪಾಡಿನ ಸಾಂಪ್ರದಾಯಿಕ ಬೇಟೆಗೆ ಆಯೋಗದಲ್ಲಿಯೂ ವಿನಾಯಿತಿಯಿದೆ. ಆದರೆ ದೇಶದ್ದೇ ಆದ 1999ರ ನಿಯಮಾವಳಿ ತಿಮಿಂಗಿಲಗಳನ್ನು ರಕ್ಷಿತ ಜೀವಿಗಳ ಪಟ್ಟಿಗೆ ಸೇರಿಸಿತು. 2014ರಲ್ಲಿ ತೊರಕೆ ಜಾತಿಯ ಬೃಹತ್ ಮೀನಾದ ಮಾಂಟಾಕ್ಕೂ ರಕ್ಷಣೆ ದೊರೆಯಿತು. ಸಾವು ಸಮುದ್ರದಲ್ಲಿ ಸಂರಕ್ಷಿತ ವಲಯ ಘೋಷಣೆಯಾದಾಗ ಲಾಮಲೆರಾದವರು ಪ್ರತಿಭಟಿಸಿ, ಲೆಂಬಾಟಾದ ನೀರನ್ನು ಅದರಿಂದ ಹೊರಗಿಡುವಂತೆ ಮಾಡಿದರು. ಊರಿನ ಬದುಕು ಈಗ ನಿಯಮಕ್ಕೂ ಮೌನಸಮ್ಮತಿಗೂ ನಡುವೆ ನಡೆಯುತ್ತಿದೆ.

ವಾಸ್ತವವಾಗಿ ಆ ಊರನ್ನು ಒಳಗಿನಿಂದ ಬದಲಾಯಿಸುತ್ತಿರುವುದು ಕಾನೂನಲ್ಲ, ನಗದು. ವಿನಿಮಯದಿಂದ ಜೋಳ ಬರುತ್ತದೆ. ಆದರೆ ಶಾಲೆಯ ಶುಲ್ಕ, ಔಷಧ, ಪೆಟ್ರೋಲು, ಮೊಬೈಲ್‌ಗಳು ಒಣಮಾಂಸಕ್ಕೆ ದಕ್ಕುವುದಿಲ್ಲ. ಹುಟ್ಟು ಹಾಕುವ ತೆನಾಗಳ ಜಾಗಕ್ಕೆ ‘ಜಾನ್ಸನ್’ ಎಂದೇ ಕರೆಯುವ ಮೋಟಾರು ದೋಣಿಗಳು ಬಂದಿವೆ. ತೆನಾವನ್ನು ಅವು ತಿಮಿಂಗಿಲದ ತನಕ ಎಳೆದೊಯ್ದು ಬಿಡುತ್ತವೆ. ಇಂಧನಕ್ಕೆ ಹಣ ಬೇಕು, ಹಣಕ್ಕಾಗಿ ರಾತ್ರಿ ಬೀಡುಬಲೆ ಬಿಡಬೇಕು, ಬಲೆಯ ಮೀನನ್ನು ಮಾರಬೇಕು. ಈ ಸರಪಳಿಯಲ್ಲಿ ಒಮ್ಮೆ ಸಿಕ್ಕವರಿಗೆ ಹಿಂದಿರುಗುವುದು ಕಷ್ಟ. ಇಪ್ಪತ್ತು ಮನೆಗಳು ಕೂಡಿದರೆ ಮಾತ್ರ ಹೊರಡಬಲ್ಲ ತೆನಾದ ಬದಲಿಗೆ ಒಂದೇ ಮನೆ ನಡೆಸಬಹುದಾದ ಮೋಟಾರು ದೋಣಿ ಬಂದ ಮೇಲೆ, ಹಂಚಿಕೆಯ ನಿಯಮಗಳು ಮೊದಲಿನಂತೆ ಉಳಿಯುವುದೂ ಕಷ್ಟವೇ. ಬೇಟೆ ಉಳಿದು ಹಂಚಿಕೆ ಅಳಿದರೆ, ಆ ಬೇಟೆಯ ಪರವಾಗಿ ಹೇಳಬಹುದಾದ ಮಾತು ಬಹಳ ಉಳಿಯುವುದಿಲ್ಲ.

ಊರಿನಿಂದ ಹೊರಡುವ ದಾರಿ ಹಳೆಯದು. ಮಿಷನ್ ಶಾಲೆಯಿಂದ ಕಲಿತ ಹುಡುಗರು ಪಾದ್ರಿಗಳಾಗಿ, ಶಿಕ್ಷಕರಾಗಿ ಇಂಡೋನೇಷ್ಯಾದೆಲ್ಲೆಡೆ ಹೋದರು. ಸಾಹಿತ್ಯ ವಿದ್ಯಾರ್ಥಿಗಳಿಗೆ ಆಸಕ್ತಿಯ ಸಂಗತಿಯೆಂದರೆ, ಇಂಡೋನೇಷ್ಯಾದ ಹಲವು ತಲೆಮಾರುಗಳು ಶಾಲೆ ಕಾಲೇಜುಗಳಲ್ಲಿ ಓದಿದ ವ್ಯಾಕರಣ ಮತ್ತು ಪ್ರಬಂಧರಚನೆಯ ಪುಸ್ತಕಗಳ ಕರ್ತೃ ಗೋರಿಸ್ ಕೆರಾಫ್ ಈ ಊರಿನವರು. 1978ರಲ್ಲಿ ಅವರು ಡಾಕ್ಟರೇಟ್ ಪಡೆದದ್ದು ತಮ್ಮೂರಿನ ಲಾಮಲೆರಾ ಉಪಭಾಷೆಯ ಪದರಚನೆಯನ್ನು ಕುರಿತ ಅಧ್ಯಯನಕ್ಕೆ. ಅದೇ ಮನೆತನದ ಸೋನಿ ಕೆರಾಫ್ 1999ರಿಂದ 2001ರವರೆಗೆ ದೇಶದ ಪರಿಸರ ಸಚಿವರಾಗಿದ್ದರು. ತತ್ತ್ವಶಾಸ್ತ್ರದ ವಿದ್ವಾಂಸರಾದ ಅವರು ಪರಿಸರ ನೀತಿಶಾಸ್ತ್ರದ ಬಗ್ಗೆ ಗ್ರಂಥ ಬರೆದಿದ್ದಾರೆ. ತಿಮಿಂಗಿಲ ಬೇಟೆಯ ಊರಿನಿಂದ ಪರಿಸರ ನೀತಿಯ ತಾತ್ತ್ವಿಕನೊಬ್ಬ ಹುಟ್ಟಿದ್ದನ್ನು ವಿರೋಧಾಭಾಸವೆನ್ನುವವರಿದ್ದಾರೆ. ಕೆಲಾರುವಿಗೆ ಅಭಯ ಕೊಟ್ಟ ಊರಿನಲ್ಲಿ ಅದು ಅಷ್ಟೇನೂ ಆಶ್ಚರ್ಯವಲ್ಲ. ಆದರೆ ಹೊರಟವರಲ್ಲಿ ವಿದ್ವಾಂಸರು ಕೆಲವರು. ಹೆಚ್ಚಿನವರು ಲೆವೊಲೆಬಾದಲ್ಲಿ, ಕುಪಾಂಗದಲ್ಲಿ, ಮಲೇಷ್ಯಾದಲ್ಲಿ ಕೂಲಿಗೆ ನಿಂತವರು.

ಜೈನ ಇತಿಹಾಸದ ಒಂದು ಎಳೆ ಈ ಊರನ್ನು ಅನಿರೀಕ್ಷಿತವಾಗಿ ಮುಟ್ಟುತ್ತದೆ. ಆ ಎಳೆ ಮಗ್ಗದಲ್ಲಿದೆ. ಲಾಮಲೆರಾದ ಹೆಂಗಸರು ನೂಲಿಗೆ ಗಂಟು ಕಟ್ಟಿ, ನೀಲಿಯಲ್ಲಿಯೂ ನೋನಿ ಗಿಡದ ಬೇರಿನ ಕೆಂಪಿನಲ್ಲಿಯೂ ಅದ್ದಿ ನೇಯುವ ಇಕತ್ ಬಟ್ಟೆಗಳನ್ನು ರೂತ್ ಬಾರ್ನ್ಸ್ 1989ರ ತಮ್ಮ ಗ್ರಂಥದಲ್ಲಿ ಕೂಲಂಕಷವಾಗಿ ಪರಿಶೀಲಿಸಿದ್ದಾರೆ. ಮದುವೆಯ ಕೊಡುಕೊಳೆಗೆ ಬೇಕಾದ ಶ್ರೇಷ್ಠ ಬಟ್ಟೆಗಳ ವಿನ್ಯಾಸ ಗುಜರಾತಿನ ಪಟೋಲದಿಂದ ಬಂದದ್ದು. ಸಂಬಾರ ಮತ್ತು ಶ್ರೀಗಂಧದ ವ್ಯಾಪಾರದಲ್ಲಿ ಗುಜರಾತಿನ ರೇಷ್ಮೆಯ ಪಟೋಲಗಳು ಈ ದ್ವೀಪಗಳನ್ನು ತಲಪಿ, ಕುಲದ ನಿಧಿಗಳಾಗಿ ಪೆಟ್ಟಿಗೆ ಸೇರಿದವು. ಅದೇ ವ್ಯಾಪಾರದಲ್ಲಿ ಆನೆದಂತಗಳೂ ಬಂದವು. ಆನೆಯೇ ಇಲ್ಲದ ಈ ಲಮಹೊಲೊತ್ ನಾಡಿನಲ್ಲಿ ಗಂಡಿನ ಕಡೆಯವರು ಆನೆದಂತ ಕೊಡಬೇಕು, ಹೆಣ್ಣಿನ ಕಡೆಯವರು ನೇಯ್ದ ಬಟ್ಟೆ ಕೊಡಬೇಕು ಎಂಬುದು ಮದುವೆಯ ನಿಯಮ.

ಪಟೋಲದ ಮೂಲ ಪಾಟಣ. ಹೇಮಚಂದ್ರಾಚಾರ್ಯರ ಶಿಷ್ಯನಾದ ಚಾಲುಕ್ಯ ದೊರೆ ಕುಮಾರಪಾಲನು ಜಿನಪೂಜೆಗೆ ಶುದ್ಧವಾದ ಹೊಸ ಪಟೋಲ ಬೇಕೆಂದು ದಖ್ಖನ್ನಿನ ಜಾಲನಾದಿಂದ ಏಳುನೂರು ಸಾಲ್ವಿ ನೇಕಾರ ಕುಟುಂಬಗಳನ್ನು ಕರೆಸಿದನೆಂದು ಆ ನೇಕಾರರ ಸಂಪ್ರದಾಯ ಹೇಳುತ್ತದೆ. ಸಂಖ್ಯೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಪಾಟಣದ ಸಾಲ್ವಿಗಳ ಜೈನ ಪರಂಪರೆ ಸುವಿದಿತ. ಈ ಕುಮಾರಪಾಲನೇ ತನ್ನ ರಾಜ್ಯದಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿ ಅಮಾರಿ ಘೋಷಣೆ ಮಾಡಿದವನು. ಅವನ ಪೂಜಾವಸ್ತ್ರದ ವಂಶದ ಬಟ್ಟೆ ಕಡಲು ದಾಟಿ ತಿಮಿಂಗಿಲ ಬೇಟೆಗಾರರ ಮದುವೆಗೆ ಮಾದರಿಯಾಯಿತು, ಅವನ ಘೋಷಣೆ ದಾಟಲಿಲ್ಲ. ವ್ಯಾಪಾರಿಗಳು ಒಯ್ದದ್ದು ಬಟ್ಟೆಯನ್ನು ಮಾತ್ರ. ಒಯ್ದಿದ್ದರೂ ರಾಜಾಜ್ಞೆಯಾಗಿ ಅದು ಅಲ್ಲಿ ಬೇರೂರುತ್ತಿತ್ತೇ ಎಂಬುದು ಸಂದೇಹಾಸ್ಪದ. ಗುಜರಾತಿನಲ್ಲಿಯೇ ಅದು ಆ ದೊರೆಯ ತರುವಾಯ ಹಾಗೆಯೇ ಉಳಿಯಲಿಲ್ಲ. ಮೃಗಸೇನನಿಗೆ ಮುನಿ ಕೊಟ್ಟದ್ದು ಆಜ್ಞೆಯಲ್ಲ, ಅವನು ಹೊರಬಲ್ಲಷ್ಟು ವ್ರತ. ಕೆಲಾರುವಿನ ಅಭಯವನ್ನು ಆ ಊರಿಗೆ ಯಾರೂ ಹೇರಲಿಲ್ಲ. ಅದು ತನ್ನ ಕಥೆಯಿಂದಲೇ ಹುಟ್ಟಿತು, ಆದ್ದರಿಂದ ಉಳಿದಿದೆ. ಕೊತೆಕ್ಲೆಮಾಕ್ಕೂ ಅಂತಹ ಅಭಯ ಎಂದಾದರೂ ದೊರೆಯುವುದಾದರೆ ಅದೂ ಆ ದಂಡೆಯ ಮೇಲೆಯೇ ಹುಟ್ಟಬೇಕು, ಅಷ್ಟರೊಳಗೆ ಒಲೆಗೆ ಬೇರೆ ದಾರಿಯೂ ಆಗಿರಬೇಕು.

ಸದ್ಯಕ್ಕೆ ಅಲ್ಲಿನ ನೇಕಾರಳು ಪಟೋಲದ ಅಂಚುಗಳ ನಡುವೆ ದೋಣಿ, ಮಾಂಟಾ, ತಿಮಿಂಗಿಲಗಳನ್ನೂ ನೇಯುತ್ತಾಳೆ. ಮೂರು ಪಟ್ಟಿಗಳನ್ನು ಜೋಡಿಸಿದ ಮದುವೆಯ ಬಟ್ಟೆಗೆ ಕೈನೂಲು, ಬೇರಿನ ಬಣ್ಣ ಬೇಕು. ಅಂಗಡಿಯ ನೂಲು ನಡೆಯದು. ಬಣ್ಣ ಕಟ್ಟುವುದರಿಂದ ಮಗ್ಗದಿಂದ ಇಳಿಸುವ ತನಕ ವರ್ಷ ದಾಟುವುದುಂಟು. ಪ್ರವಾಸಿಗಳಿಗೆ ಮಾರುವ ಬಟ್ಟೆ ಬೇರೆ, ಬೇಗ ಮುಗಿಯುತ್ತದೆ, ಅದರಿಂದ ಶಾಲೆಯ ಶುಲ್ಕಕ್ಕೆ ಸ್ವಲ್ಪ ನಗದು ದೊರೆಯುತ್ತದೆ. ಕುಪಾಂಗದಲ್ಲಿ ಓದುತ್ತಿರುವ ಮಗಳಿಗೆ ಮಗ್ಗದ ಕೆಲಸ ಬಾರದಿರಬಹುದು. ಅವಳ ಮದುವೆಗೆ ಮೂರು ಪಟ್ಟಿಯ ಬಟ್ಟೆ ಬೇಕೇ ಬೇಕು. ಅದನ್ನು ತಾಯಿ ನೇಯುತ್ತಿದ್ದಾಳೆ.